ಡಾಟ್ಸನ್ 240ಝೆಡ್ ಬ್ರೇಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಮನೆ. ಗ್ಯಾರೇಜಿನಲ್ಲಿ 1972ರ ಡಾಟ್ಸನ್ 240ಝೆಡ್ ಇದೆ, ಜಪಾನಿನ ನಿಸ್ಸಾನ್ ಕಂಪನಿ ಮಾಡಿದ ಸ್ಪೋರ್ಟ್ಸ್ ಕಾರು, ಚಿಕ್ಕದಾಗಿ ಝೆಡ್. ಈ ಕಾರಿನ ಬಗ್ಗೆ ಫೋನ್ ಮಾಡುವವರು, ಬರೆದು ಕೇಳುವವರು, ಊಟಕ್ಕೆ ಬಂದವರು ಕೈ ತೊಳೆದುಕೊಂಡು ನೇರ ಗ್ಯಾರೇಜಿಗೆ ಹೋಗುವವರು, ಎಲ್ಲರೂ ಬೇಗನೋ ತಡವಾಗಿಯೋ ಬ್ರೇಕಿನ ಮಾತಿಗೆ ಬರುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದು, ಉತ್ತರ ಕೊಟ್ಟಿದ್ದೇನೆ. ಒಂದು ವಿನಂತಿ. ಬ್ರೇಕಿನ ಕೆಲಸ ನಿಮಗೆ ಹೊಸದಾದರೆ, ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಾಡಿ.

## ಶುರು ಮಾಡುವ ಮುಂಚೆ

ನನ್ನ ಝೆಡ್ ಬ್ರೇಕ್ ಹಿಡಿಯೋದೇ ಇಲ್ಲ ಅನ್ಸತ್ತೆ. ದೊಡ್ಡ ಬ್ರೇಕ್ ಕಿಟ್ ಹಾಕಿಸಿಬಿಡಲಾ?

ಬೇಡ, ಈಗಲೇ ಬೇಡ. ನಿಮ್ಮ ಕಾರಿನಲ್ಲಿ ಈಗ ಇರುವುದು ನಿಸ್ಸಾನ್ ಕೊಟ್ಟ ಬ್ರೇಕ್ ಅಲ್ಲ, ಅದರ ಐವತ್ತು ವರ್ಷ ಹಳೆಯ ಅವಶೇಷ. ಹೋಸ್ ಪೈಪ್ ಒಳಗೆ ಊದಿಕೊಂಡಿರುತ್ತದೆ. ಹಿಂದಿನ ಸಿಲಿಂಡರ್ ತುಕ್ಕು ಹಿಡಿದು ಅಲ್ಲಾಡದೆ ಕೂತಿರುತ್ತದೆ. ಬ್ರೇಕ್ ಆಯಿಲ್ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಇಂಥ ಕಾರಿಗೆ ಮುಂದೆ ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಭಾಗ) ಹಾಕಿದರೆ ಮುಂದಿನ ಚಕ್ರ ಇನ್ನೂ ಬೇಗ ಲಾಕ್ ಆಗುತ್ತದೆ, ಅಂದರೆ ತಿರುಗದೆ ಜಾರುತ್ತದೆ, ಹಿಂದಿನದು ಮೊದಲಿನ ಹಾಗೇ ಸುಮ್ಮನಿರುತ್ತದೆ. ಮೊದಲು ಇರುವುದನ್ನು ಹೊಸದರ ಹಾಗೆ ಮಾಡಿ, ಒಂದು ತಿಂಗಳು ಓಡಿಸಿ. ನನ್ನ ಹತ್ತಿರ ಕಿಟ್ ಬಗ್ಗೆ ಕೇಳಿದವರಲ್ಲಿ ಸುಮಾರು ಜನ ಅಷ್ಟಕ್ಕೇ ನಿಲ್ಲಿಸಿದ್ದಾರೆ.

ಕಂಪನಿಯಿಂದ ಬಂದಾಗ ಇದರಲ್ಲಿ ಏನೇನಿತ್ತು?

ಮುಂದೆ 271 ಮಿ.ಮೀ. ಡಿಸ್ಕ್. ಗಾಳಿಯಾಡುವ ಸಂದಿ ಇಲ್ಲದ, ಗಟ್ಟಿ ಒಂದೇ ತಟ್ಟೆ. ಅದನ್ನು ಎರಡು ಪಿಸ್ಟನ್ನಿನ ಕ್ಯಾಲಿಪರ್ ಹಿಡಿಯುತ್ತದೆ, ಒಂದೊಂದು ಕಡೆ ಒಂದೊಂದು. ಹಿಂದೆ 9 ಇಂಚಿನ ಡ್ರಮ್. ಹೊರಗೆ ರೆಕ್ಕೆಗಳಿರುವ ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಬಳೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಅದರ ಬೋರ್ (ಒಳವ್ಯಾಸ) 7/8 ಇಂಚು. ಕಾಲಿನ ಬಲಕ್ಕೆ ಸಹಾಯ ಮಾಡುವ ವ್ಯಾಕ್ಯೂಮ್ ಬೂಸ್ಟರ್ ಕೂಡ ಇತ್ತು. ಕಾರಿನ ತೂಕ ಸುಮಾರು 1050 ಕೆ.ಜಿ., ಟೈರ್ ಬರೀ 175 ಅಗಲದ 14 ಇಂಚಿನದು. 1969ರ ಕೊನೆಗೆ ಈ ಕಾರು ಬಂದಾಗ, ಆ ಬೆಲೆಗೆ ಇದು ಒಳ್ಳೆಯ ಬ್ರೇಕೇ. ಆ ಟೈರಿಗೆ ಸರಿಯಾಗಿ ಲೆಕ್ಕ ಹಾಕಿ ಕೊಟ್ಟದ್ದು.

ಸರಿ, ಎಲ್ಲಿಂದ ಬಿಚ್ಚೋಕೆ ಶುರು ಮಾಡಲಿ?

ಹಿಂದಿನಿಂದ. ಎಲ್ಲರೂ ಮುಂದಿನ ಡಿಸ್ಕ್ ನೋಡುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಈ ಕಾರಿನ ಕಾಯಿಲೆ ಸಾಮಾನ್ಯವಾಗಿ ಡ್ರಮ್ಮಿನೊಳಗೆ ಇರುತ್ತದೆ.

ಹಿಂದಿನ ವೀಲ್ ಸಿಲಿಂಡರ್ ನೋಡಿ. ಇದು ಬ್ಯಾಕ್ ಪ್ಲೇಟಿಗೆ (ಡ್ರಮ್ಮಿನ ಹಿಂದಿನ ತಟ್ಟೆಗೆ) ಬಿಗಿಯಾಗಿ ಕೂರುವ ಜಾತಿಯದಲ್ಲ. ಪ್ಲೇಟಿನ ಉದ್ದದ ತೂತಿನಲ್ಲಿ ಇಡೀ ಸಿಲಿಂಡರೇ ಆಚೀಚೆ ಜಾರಬೇಕು. ಪಿಸ್ಟನ್ ಒಂದು ಶೂ ಅನ್ನು (ಡ್ರಮ್ಮಿನ ಒಳಗೋಡೆಗೆ ಒತ್ತುವ ಬಾಗಿದ ಪಟ್ಟಿಯನ್ನು) ತಳ್ಳುತ್ತದೆ, ಸಿಲಿಂಡರ್ ಹಿಂದಕ್ಕೆ ಜಾರಿ ಇನ್ನೊಂದು ಶೂ ಅನ್ನು ತಳ್ಳುತ್ತದೆ. ತುಕ್ಕು, ಧೂಳು, ಒಣಗಿದ ಗ್ರೀಸ್ ಸೇರಿ ಈ ಜಾರುವಿಕೆ ನಿಂತರೆ ಆ ಚಕ್ರದಲ್ಲಿ ಅರ್ಧ ಬ್ರೇಕ್ ಮಾತ್ರ. ಡ್ರಮ್ ತೆಗೆದು, ಹೆಬ್ಬೆರಳಲ್ಲಿ ಸಿಲಿಂಡರನ್ನು ಪಕ್ಕಕ್ಕೆ ತಳ್ಳಿ ನೋಡಿ. ಸಲೀಸಾಗಿ ಜಾರದಿದ್ದರೆ ಕಳಚಿ, ಆ ತೂತಿನ ಅಂಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ. ಬೆರಳ ತುದಿಗೆ ಹತ್ತುವಷ್ಟು ಸಾಕು.

ಆಮೇಲೆ ಅಡ್ಜಸ್ಟರ್. ಇದು ತಾನಾಗಿಯೇ ಹೊಂದಿಕೊಳ್ಳುವಂಥದ್ದು, ಆದರೆ ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ. ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸುವ ಅಭ್ಯಾಸ ಇರುವವರ ಕಾರಿನಲ್ಲಿ ಶೂ ಮತ್ತು ಡ್ರಮ್ ನಡುವಿನ ಸಂದಿ ವರ್ಷಗಟ್ಟಲೆ ಬೆಳೆಯುತ್ತಾ ಹೋಗುತ್ತದೆ, ಪೆಡಲ್ ಕೆಳಕೆಳಗೆ ಇಳಿಯುತ್ತದೆ. ಎಲ್ಲಾ ಜೋಡಿಸಿದ ಮೇಲೆ ಹ್ಯಾಂಡ್‌ಬ್ರೇಕನ್ನು ಎಳೆದು ಬಿಡಿ, ಎಳೆದು ಬಿಡಿ. ಒಬ್ಬರು ಹಿಂದಿನ ಚಕ್ರದ ಹತ್ತಿರ ಕಿವಿ ಕೊಟ್ಟರೆ ಟಿಕ್ ಟಿಕ್ ಅನ್ನುವುದು ಕೇಳುತ್ತದೆ. ಆ ಸದ್ದು ನಿಂತಾಗ ಅಡ್ಜಸ್ಟ್ ಆಯಿತು ಅಂತ.

ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಲೇಬೇಡಿ. ಹಳೇ ಲೈನರ್‌ಗಳಲ್ಲಿ (ಶೂ ಮೇಲಿನ ಉಜ್ಜುವ ಪದರದಲ್ಲಿ) ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಪೆಡಲ್ ಒತ್ತಿದಾಗ ಏನೋ ಸರಿ ಇಲ್ಲ. ಕಾಯಿಲೆ ಯಾವುದು ಅಂತ ಹೇಗೆ ಗೊತ್ತಾಗತ್ತೆ?

ಕಾಲಿಗೇ ಗೊತ್ತಾಗುತ್ತದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡನೇ ಒತ್ತಿಗೆ ಮೇಲೆ ನಿಂತರೆ ಹಿಂದಿನ ಶೂ ಅಡ್ಜಸ್ಟ್ ಆಗಿಲ್ಲ. ಕಾಲು ಒತ್ತಿ ಹಿಡಿದಿರುವಾಗಲೇ ಪೆಡಲ್ ಮೆಲ್ಲಗೆ ಜಾರುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ. ಅಂಥ ಕಾರನ್ನು ರಸ್ತೆಗೆ ತರಬೇಡಿ. ಪೆಡಲ್ ಕಲ್ಲಿನ ಹಾಗಿದ್ದು ಕಾರು ನಿಲ್ಲದಿದ್ದರೆ ಬೂಸ್ಟರ್ ನೋಡಿ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕಾಲು ಹಾಗೇ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ.

## ಕಮ್ಮಿ ಖರ್ಚು, ಜಾಸ್ತಿ ಲಾಭ

ಬ್ರೇಕ್ ಆಯಿಲ್ ಯಾವುದು ಹಾಕಲಿ? ಸಿಲಿಕೋನ್ ಒಳ್ಳೇದು ಅಂತಾರೆ.

ಬಾಟಲಿಯ ಮೇಲೆ ಡಾಟ್ (DOT) 4 ಅನ್ನುವ ದರ್ಜೆ ಇರುವುದನ್ನು ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ಇರಬೇಕು ಅನ್ನುವುದು ನಿಯಮ. ಡಾಟ್ 4ಕ್ಕೆ ಅದು 230. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಕುಡಿದ ಡಾಟ್ 3ಕ್ಕೆ ಕನಿಷ್ಠ ಮಿತಿ 140 ಡಿಗ್ರಿ, ಡಾಟ್ 4ಕ್ಕೆ 155. ಬೆಟ್ಟ ಇಳಿಯುವಾಗ ಅಷ್ಟು ಬಿಸಿ ಕಷ್ಟವೇನಲ್ಲ. ಆಯಿಲ್ ಕುದಿದರೆ ಆವಿ ಗುಳ್ಳೆ ಆಗುತ್ತದೆ, ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ.

ಸಿಲಿಕೋನ್ ಆಯಿಲ್ ಅಂದರೆ ಡಾಟ್ 5. ಅದು ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ಶೋಗೆ ಮಾತ್ರ ಹೋಗುವ ಕಾರಿಗೆ ಕೆಲವರು ಹಾಕುತ್ತಾರೆ. ಆದರೆ ಅದರಲ್ಲಿ ಸಣ್ಣ ಗುಳ್ಳೆಗಳು ಉಳಿದುಕೊಳ್ಳುತ್ತವೆ, ಪೆಡಲ್ ಗಟ್ಟಿಯಾಗುವುದು ಕಷ್ಟ. ಬೇರೆ ಆಯಿಲ್ ಜೊತೆ ಬೆರೆಸಲೂಬಾರದು. ಓಡಿಸುವ ಕಾರಿಗೆ ನನಗೆ ಇಷ್ಟವಿಲ್ಲ. ಡಾಟ್ 5.1 ಅನ್ನುವುದು ಬೇರೆ, ಅದು ಡಾಟ್ 4ರ ಬಳಗದ್ದೇ. ಹೆಸರು ನೋಡಿ ಮೋಸ ಹೋಗಬೇಡಿ.

ಡಾಟ್ 4 ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ. ಒರೆಸಿದರೆ ಪೇಂಟೂ ಜೊತೆಗೇ ಬರುತ್ತದೆ.

ರೇಸ್ ಪ್ಯಾಡ್ ಹಾಕಿದ್ರೆ ಸಾಕಲ್ವಾ?

ಪ್ಯಾಡ್ ಅಂದರೆ ಕ್ಯಾಲಿಪರಿನೊಳಗೆ ಕೂತು ಡಿಸ್ಕಿಗೆ ಒತ್ತುವ ತುಂಡು. ಮನೆಯಿಂದ ಕಾಫಿ ಪುಡಿ ತರಲು ಹೋಗುವ ಕಾರಿಗೆ ರೇಸ್ ಪ್ಯಾಡ್ ಅಪಾಯ. ಅವು ಬಿಸಿಯಾದ ಮೇಲೆ ಹಿಡಿಯಲು ಮಾಡಿದವು. ಚಳಿಯ ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲಿ ಮರದ ತುಂಡಿನ ಹಾಗೆ ಜಾರುತ್ತವೆ. ತಣ್ಣಗಿದ್ದಾಗಲೂ ಹಿಡಿಯುವ, ಸ್ವಲ್ಪ ಶಾಖವನ್ನೂ ತಾಳುವ ರಸ್ತೆ ಪ್ಯಾಡ್ ತೆಗೆದುಕೊಳ್ಳಿ. ಇಡೀ ಕಾರಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಬದಲಾವಣೆ ಕಾಣುವುದು ಇಲ್ಲೇ.

ಸ್ಟೀಲ್ ಬಲೆ ಹೊದಿಸಿದ ಹೋಸ್ ಬೇಕಾ, ರಬ್ಬರೇ ಸಾಕಾ?

ಹೊಸ ರಬ್ಬರ್ ಹೋಸ್ ಸಾಕು. ಸ್ಟೀಲ್ ಬಲೆಯದು ಪೆಡಲ್ಲಿಗೆ ಇನ್ನೊಂದಿಷ್ಟು ಗಟ್ಟಿತನ ಕೊಡುತ್ತದೆ, ಅಷ್ಟೇ. ಬಲೆ ಬೇರೆ ಯಾವುದಕ್ಕಾದರೂ ಉಜ್ಜಿದರೆ ಗರಗಸದ ಹಾಗೆ ಕೊರೆಯುತ್ತದೆ, ಆದ್ದರಿಂದ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ಹಳೇ ಹೋಸ್ ಮಾತ್ರ ಖಂಡಿತ ಬೇಡ. ಹೊರಗೆ ಚೆನ್ನಾಗಿ ಕಂಡರೂ ಒಳಗೋಡೆ ಊದಿ ದಾರಿ ಮುಚ್ಚಿರುತ್ತದೆ. ನೀವು ಒತ್ತಿದಾಗ ಆಯಿಲ್ ಜೋರಿನಿಂದ ನುಗ್ಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಆ ಚಕ್ರ ಬ್ರೇಕ್ ಹಿಡಿದುಕೊಂಡೇ ಓಡುತ್ತದೆ. ಇದನ್ನು ಕ್ಯಾಲಿಪರ್ ದೋಷ ಅಂದುಕೊಂಡು ಎರಡು ಸಲ ಕ್ಯಾಲಿಪರ್ ಬದಲಾಯಿಸಿದವರನ್ನು ಕಂಡಿದ್ದೇನೆ.

## ದೊಡ್ಡ ಬದಲಾವಣೆಗಳು

ದೊಡ್ಡ ಬ್ರೇಕ್ ಹಾಕಿದ್ರೆ ಎಷ್ಟು ಅಡಿ ಮುಂಚೆ ನಿಲ್ಲತ್ತೆ?

ಒಂದೇ ಒಂದು ಸಲ ಜೋರಾಗಿ ಬ್ರೇಕ್ ಒತ್ತಿದರೆ, ಒಂದು ಅಡಿಯೂ ಮುಂಚೆ ನಿಲ್ಲದೆ ಇರಬಹುದು. ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಹೇಳಲೇಬೇಕು. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ಕಾರನ್ನು ನಿಲ್ಲಿಸುವುದು ಟೈರ್. ನಿಮ್ಮ ಈಗಿನ ಬ್ರೇಕಿಗೆ ಒಣ ರಸ್ತೆಯಲ್ಲಿ ನಾಲ್ಕೂ ಚಕ್ರವನ್ನು ಲಾಕ್ ಮಾಡುವ ಶಕ್ತಿ ಇದ್ದರೆ, ಅದಕ್ಕಿಂತ ಜಾಸ್ತಿ ಶಕ್ತಿ ಟೈರಿಗೆ ಬೇಡ. ಹತ್ತು ವರ್ಷ ಹಳೆಯ, ಗಟ್ಟಿಯಾದ ಟೈರ್ ಇದ್ದರೆ ಮೊದಲು ಅದನ್ನು ಬದಲಾಯಿಸಿ.

ದೊಡ್ಡ ಬ್ರೇಕಿನ ಲಾಭ ಬೇರೆ ಕಡೆ ಇದೆ. ಅದು ಶಾಖ ತಾಳುತ್ತದೆ. ಈ ಕಾರನ್ನು 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 400 ಕಿಲೋಜೂಲ್ ಶಾಖ ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಈಗ ಬೆಟ್ಟದ ಲೆಕ್ಕ ನೋಡಿ. ನಮ್ಮೂರಿನ ಪಕ್ಕದಲ್ಲೇ ಮೌಂಟ್ ಹ್ಯಾಮಿಲ್ಟನ್ ಇದೆ, ತುದಿಯಲ್ಲಿ ಲಿಕ್ ವೀಕ್ಷಣಾಲಯ. ಎತ್ತರ ಸುಮಾರು 1280 ಮೀಟರ್. ಅಲ್ಲಿಂದ ಸಾವಿರ ಮೀಟರ್ ಇಳಿದರೆ, ಕಾರಿನ ತೂಕ ಎಷ್ಟೇ ಇರಲಿ, 100 ಕಿ.ಮೀ. ವೇಗದಿಂದ 25 ಸಲ ನಿಲ್ಲಿಸಿದಷ್ಟು ಶಾಖವನ್ನು ಎಲ್ಲಾದರೂ ಕಳೆಯಬೇಕು. ಗಾಳಿ ಒಂದಿಷ್ಟು ತೆಗೆದುಕೊಳ್ಳುತ್ತದೆ. ಗೇರ್ ಕೆಳಗಿದ್ದರೆ ಎಂಜಿನ್ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲು. ಆ ರಸ್ತೆಯನ್ನು 1876ರಲ್ಲಿ ಕುದುರೆ ಗಾಡಿಗಳಿಗಾಗಿ ಮಾಡಿದ್ದು, ಹಾಗಾಗಿ ಇಳಿಜಾರು ಎಲ್ಲೂ ಕಡಿದಾಗಿಲ್ಲ, ಬರೀ ತಿರುವುಗಳು. ಪ್ರತಿ ತಿರುವಿಗೂ ಮುಂಚೆ ಒಂದೊಂದು ಸಲ ಬ್ರೇಕ್. ಅರ್ಧ ದಾರಿಯಲ್ಲಿ ಪ್ಯಾಡಿನ ಸುಟ್ಟ ವಾಸನೆ ಬಂದು, ಪೆಡಲ್ ಒತ್ತಿದರೂ ಕಾರು ಜಗ್ಗದ ಹಾಗಾದರೆ ನಿಮಗೆ ನಿಜವಾಗಿ ದೊಡ್ಡ ಬ್ರೇಕ್ ಬೇಕು. ಅಲ್ಲಿ ತನಕ ಒಳ್ಳೆ ಪ್ಯಾಡ್, ಹೊಸ ಆಯಿಲ್ ಸಾಕು.

ಬೆಂಗಳೂರಲ್ಲಿ ಅಪ್ಪನ ಪದ್ಮಿನಿ ಇದೆ. ಅದಕ್ಕೂ ಇದೇ ಮಾತಾ?

ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಪ್ರೀಮಿಯರ್ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಡ್ರಮ್ ಬಿಸಿಯಾದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇಳಿಯುತ್ತದೆ. ಚಾರ್ಮಾಡಿ, ಆಗುಂಬೆ ಇಳಿಯುವಾಗ ಲಾರಿಯವರು ಹೇಳುವ ಮಾತು ನೆನಪಿರಲಿ: ಹತ್ತಿದ ಗೇರಲ್ಲೇ ಇಳಿ. ಲೈನರ್, ಸಿಲಿಂಡರಿನ ರಬ್ಬರ್, ಅಡ್ಜಸ್ಟ್‌ಮೆಂಟ್, ಆಯಿಲ್ ಇವಿಷ್ಟು ಸರಿ ಇದ್ದರೆ ಅಪ್ಪನ ಕಾರು ಚೆನ್ನಾಗಿಯೇ ನಿಲ್ಲುತ್ತದೆ.

ಟೊಯೊಟಾ ಕ್ಯಾಲಿಪರ್ ಡಾಟ್ಸನ್‌ಗೆ ಕೂರತ್ತಂತೆ, ನಿಜವಾ?

ನಿಜ. ಝೆಡ್ ಓಡಿಸುವವರಲ್ಲಿ ಬಹಳ ಹಳೆಯ, ಗಟ್ಟಿಯಾದ ಉಪಾಯ ಇದು. 1979ರಿಂದ 1985ರ ಟೊಯೊಟಾ ನಾಲ್ಕು ಚಕ್ರ ಚಾಲನೆಯ ಪಿಕಪ್ಪಿನ ನಾಲ್ಕು ಪಿಸ್ಟನ್ ಕ್ಯಾಲಿಪರ್, ಎರಕದಲ್ಲಿ ಎಸ್12+8 ಅಂತ ಅಚ್ಚಾಗಿರುತ್ತದೆ, ಝೆಡ್ಡಿನ ಮೂಲ ಡಿಸ್ಕಿನ ಮೇಲೇ ಕೂರುತ್ತದೆ. ಬ್ರಾಕೆಟ್ ಬೇಡ. ಡಿಸ್ಕಿನ ಹಿಂದಿನ ತಗಡನ್ನು ಸ್ವಲ್ಪ ಕತ್ತರಿಸಬೇಕು ಅಥವಾ ತೆಗೆಯಬೇಕು.

ಎಸ್12ಡಬ್ಲ್ಯೂ ಅನ್ನುವುದು ಇದರ ಅಗಲವಾದ ಅಣ್ಣ. ಅದಕ್ಕೆ ಗಾಳಿಯಾಡುವ ದಪ್ಪ ಡಿಸ್ಕೇ ಬೇಕು. ಸಾಮಾನ್ಯವಾಗಿ ಇದೇ ಬಳಗದ ನಂತರದ ಕಾರಾದ 1984ರ 300ಝೆಡ್‌ಎಕ್ಸ್ ಡಿಸ್ಕನ್ನು ಸ್ಪೇಸರ್ ಇಟ್ಟು ಕೂರಿಸುತ್ತಾರೆ. ಅಂಗಡಿಯಲ್ಲಿ ಪೆಟ್ಟಿಗೆ ಮೇಲಿನ ಹೆಸರು ನಂಬಬೇಡಿ, ಕಬ್ಬಿಣದ ಮೇಲಿನ ಅಚ್ಚು ಓದಿ.

ಲಾಭ ಏನು? ಪ್ಯಾಡ್ ದೊಡ್ಡದು, ಬೇಗ ಸೋಲುವುದಿಲ್ಲ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಪ್ಯಾಡ್ ದೊಡ್ಡದಾದ ಮಾತ್ರಕ್ಕೆ ಹಿಡಿತ ಜಾಸ್ತಿ ಆಗುವುದಿಲ್ಲ. ಹಿಡಿತ ಬರುವುದು ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ, ಪ್ಯಾಡಿನ ಘರ್ಷಣೆ, ಡಿಸ್ಕಿನ ವ್ಯಾಸ ಇವುಗಳಿಂದ. ಕೊಳ್ಳುವ ಮುಂಚೆ ರಟ್ಟಿನಲ್ಲಿ ಕ್ಯಾಲಿಪರಿನ ಆಕಾರ ಕತ್ತರಿಸಿ, ನಿಮ್ಮ ವೀಲಿನೊಳಗೆ ಇಟ್ಟು ನೋಡಿ. ಕಡ್ಡಿಗಳು ಒಳಕ್ಕೆ ಬಾಗಿರುವ ವೀಲ್‌ಗಳಲ್ಲಿ ತಾಗುವ ಸಂಭವ ಇದೆ.

ಹಾಗಾದ್ರೆ ಮಾಸ್ಟರ್ ಸಿಲಿಂಡರೂ ದೊಡ್ಡದು ಹಾಕಬೇಕಾ?

ಹೊಸ ಕ್ಯಾಲಿಪರಿನಿಂದ ಪೆಡಲ್ ಬಹಳ ಕೆಳಗೆ ಹೋಗುತ್ತಿದ್ದರೆ ಮಾತ್ರ. ಇದೇ ಬಳಗದ 280ಝೆಡ್‌ಎಕ್ಸ್‌ನ 15/16 ಇಂಚಿನ ಸಿಲಿಂಡರ್ ಎಲ್ಲರೂ ಬಳಸುವುದು. ಅದರ ಬೋರಿನ ವಿಸ್ತೀರ್ಣ 7/8ಕ್ಕಿಂತ ಸುಮಾರು ಶೇ. 15 ಜಾಸ್ತಿ. ಪೆಡಲ್ ಓಟ ಸುಮಾರು ಶೇ. 13 ಕಮ್ಮಿ ಆಗುತ್ತದೆ, ಕಾಲಿಗೆ ಗಟ್ಟಿ ಅನಿಸುತ್ತದೆ. ಆದರೆ ಅಷ್ಟೇ ಕಾಲಿನ ಬಲಕ್ಕೆ ಸಿಗುವ ಒತ್ತಡವೂ ಶೇ. 13 ಕಮ್ಮಿ. ಪೆಡಲ್ ಗಟ್ಟಿಯಾದ ತಕ್ಷಣ ಬ್ರೇಕ್ ಒಳ್ಳೆಯದಾಯಿತು ಅಂತ ಅಂದುಕೊಳ್ಳುವುದು ಸಹಜ. ಅದು ಬರೀ ಕಾಲಿನ ಅನಿಸಿಕೆ. ಬಿಚ್ಚುವ ಮುಂಚೆ ಯಾವ ಪೈಪ್ ಮುಂದಿನ ಚಕ್ರಕ್ಕೆ, ಯಾವುದು ಹಿಂದಕ್ಕೆ ಅಂತ ಟೇಪ್ ಸುತ್ತಿ ಗುರುತು ಮಾಡಿ.

ಮಾಸ್ಟರ್ ಸಿಲಿಂಡರ್ ಬದಲಾಯಿಸಿದ ಮೇಲೆ ಮುಟ್ಟಿದ್ರೆ ಸಾಕು ಗಕ್ಕನೆ ಹಿಡಿಯತ್ತೆ. ಇದೇನು?

ಬೂಸ್ಟರಿನೊಳಗೆ ರಿಯಾಕ್ಷನ್ ಡಿಸ್ಕ್ ಬಿದ್ದುಹೋಗಿದೆ. ಇದು ನನ್ನ ಕೈಯಲ್ಲೇ ಆಗಿದೆ. ಒಂದು ಶನಿವಾರ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಬೂಸ್ಟರಿನಿಂದ ಇಣುಕುತ್ತಿದ್ದ ಕಡ್ಡಿಯನ್ನು ಒರೆಸೋಣ ಅಂತ ಹೊರಗೆಳೆದೆ. ಸಂಜೆ ಎಲ್ಲಾ ಜೋಡಿಸಿ ಬೀದಿಗೆ ತಂದೆ. ಬೂಟಿನ ತುದಿ ಪೆಡಲಿಗೆ ಸೋಕಿತು ಅಷ್ಟೇ, ಸೀಟ್ ಬೆಲ್ಟ್ ಎದೆಗೆ ಒತ್ತಿತು. ಹೊಸ ಸಿಲಿಂಡರ್ ಎಷ್ಟು ಚುರುಕು ಅಂತ ಮೊದಲು ಖುಷಿಪಟ್ಟೆ. ಎರಡನೇ ತಿರುವಿನಲ್ಲಿ ಭಯವಾಯಿತು, ಮೆಲ್ಲಗೆ ಬ್ರೇಕ್ ಹಾಕಲು ಆಗುತ್ತಲೇ ಇರಲಿಲ್ಲ.

ಆ ಕಡ್ಡಿಯ ಬುಡದಲ್ಲಿ ನಾಣ್ಯದಷ್ಟು ಅಗಲದ ಒಂದು ರಬ್ಬರ್ ಬಿಲ್ಲೆ ಕೂತಿರುತ್ತದೆ, ಅದೇ ರಿಯಾಕ್ಷನ್ ಡಿಸ್ಕ್. ನಿಮ್ಮ ಕಾಲು ಎಷ್ಟು ಒತ್ತುತ್ತಿದೆಯೋ ಅದಕ್ಕೆ ತಕ್ಕಷ್ಟೇ ಬೂಸ್ಟರ್ ಸಹಾಯ ಮಾಡುವಂತೆ ನೋಡಿಕೊಳ್ಳುವುದು ಈ ಬಿಲ್ಲೆ. ಕಡ್ಡಿ ಎಳೆದರೆ ಅದು ಕಳಚಿ ಒಳಗೆ ಬೀಳುತ್ತದೆ. ಆಮೇಲೆ ಅಳತೆ ಅನ್ನುವುದೇ ಇಲ್ಲ, ಮುಟ್ಟಿದರೆ ಪೂರ್ತಿ ಸಹಾಯ. ಮರುದಿನ ಸಿಲಿಂಡರ್ ಮತ್ತೆ ಬಿಚ್ಚಿ, ಟಾರ್ಚ್ ಹಿಡಿದು ಇಣುಕಿ, ಬಾಗಿದ ತಂತಿಯಿಂದ ಬಿಲ್ಲೆಯನ್ನು ಹೊರಗೆ ತಂದೆ. ಒರೆಸಿ, ಕಡ್ಡಿಯ ತಲೆಗೆ ಸಿಲಿಕೋನ್ ಗ್ರೀಸ್ ಸವರಿ ಬಿಲ್ಲೆಯನ್ನು ಅದಕ್ಕೆ ಅಂಟಿಸಿ, ಉಸಿರು ಬಿಗಿಹಿಡಿದು ನೇರವಾಗಿ ಒಳಗೆ ತಳ್ಳಿದೆ. ಬ್ರೇಕ್ ಮೊದಲಿನ ಹಾಗಾಯಿತು.

ಅದೇ ಕಡ್ಡಿಯ ಉದ್ದವನ್ನೂ ಪರೀಕ್ಷಿಸಿ. ತುದಿಯ ತಿರುಪಿನಿಂದ ಹೊಂದಿಸಬಹುದು. ಉದ್ದವಾದರೆ ಬ್ರೇಕ್ ಬಿಡದೆ ಉಜ್ಜುತ್ತದೆ. ಗಿಡ್ಡವಾದರೆ ಪೆಡಲ್ ಸುಮ್ಮನೆ ಅರ್ಧ ದೂರ ಹೋಗುತ್ತದೆ.

ಹಿಂದಕ್ಕೂ ಡಿಸ್ಕ್ ಹಾಕಿಸ್ಬೇಕು ಅಂತಿದೀನಿ.

ರೇಸ್ ಟ್ರ್ಯಾಕಿಗೆ ಹೋಗುವುದಿಲ್ಲವಾದರೆ ನನ್ನ ಸಲಹೆ, ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರ್ ಮಾಡುವ ಕೆಲಸ ಕಮ್ಮಿ. ಆ ಕೆಲಸಕ್ಕೆ ಡ್ರಮ್ ಸಾಕು. ಡಿಸ್ಕ್ ಹಾಕಿದರೆ ಮೊದಲ ತಲೆನೋವು ಹ್ಯಾಂಡ್‌ಬ್ರೇಕ್. ಮೂಲ ಕೇಬಲ್ ಹೊಂದುವುದಿಲ್ಲ, ಹಿಡಿತವೂ ಎಷ್ಟೋ ಸಲ ಡ್ರಮ್ಮಿನಷ್ಟು ಬರುವುದಿಲ್ಲ. ಎರಡನೆಯದು, ಮಾಸ್ಟರ್ ಸಿಲಿಂಡರಿನಿಂದ ಡ್ರಮ್ಮಿಗೆ ಹೋಗುವ ಕಡೆ ಒಂದು ಸಣ್ಣ ಚೆಕ್ ವಾಲ್ವ್ ಇರಬಹುದು. ಅದು ಪೈಪಿನಲ್ಲಿ ತುಸು ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಒಳ್ಳೆಯದು, ಡಿಸ್ಕಿಗೆ ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಡಿಸ್ಕ್ ಹಾಕುವವರು ಅದನ್ನು ತೆಗೆಯಲೇಬೇಕು.

ಅಡ್ಜಸ್ಟ್ ಮಾಡೋ ವಾಲ್ವ್ ಹಾಕಿದ್ರೆ ಮುಂದೆ ಹಿಂದೆ ಬ್ಯಾಲೆನ್ಸ್ ಸರಿ ಹೋಗತ್ತಾ?

ಹೋಗುತ್ತದೆ, ಆದರೆ ಆ ವಾಲ್ವ್ ಹಿಂದಿನ ಒತ್ತಡವನ್ನು ಕಮ್ಮಿ ಮಾಡಬಲ್ಲದು, ಜಾಸ್ತಿ ಮಾಡಲಾರದು. ಹಿಂದೆ ಬ್ರೇಕ್ ಸಾಲದು ಅನ್ನುವವರಿಗೆ ಇದರಿಂದ ಉಪಯೋಗವಿಲ್ಲ. ಹಾಕುವುದಾದರೆ ಕಂಪನಿಯಿಂದ ಬಂದ ಇದೇ ಕೆಲಸದ ವಾಲ್ವ್ ತೆಗೆದು ಆ ಜಾಗಕ್ಕೆ ಇದನ್ನು ಹಾಕಿ, ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಬೇಡಿ. ಹೊಂದಿಸುವಾಗ ಒಂದೇ ನಿಯಮ: ಯಾವ ಸ್ಥಿತಿಯಲ್ಲೂ ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ಮುಂದಿನದು ಲಾಕ್ ಆದರೆ ಕಾರು ನೇರ ಜಾರುತ್ತದೆ, ಕಾಲು ಸಡಿಲಿಸಿದರೆ ಸ್ಟಿಯರಿಂಗ್ ವಾಪಸ್ ಸಿಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ.

## ಜೋಡಿಸಿದ ಮೇಲೆ

ಮೂರು ಬಾಟಲಿ ಆಯಿಲ್ ಖಾಲಿ ಆಯ್ತು, ಪೆಡಲ್ ಇನ್ನೂ ಮೆತ್ತಗೇ ಇದೆ. ಏನ್ ಮಾಡ್ಲಿ?

ಕ್ಯಾಲಿಪರಿನ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ತಿರುಪು, ಎಲ್ಲಿದೆ ನೋಡಿ. ಅದು ಮೇಲ್ಗಡೆ ಇರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಬೋಲ್ಟ್ ಸರಿಯಾಗಿಯೇ ಕೂರುತ್ತದೆ, ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಮೇಲೆ ಉಳಿಯುತ್ತದೆ, ನೀವು ಕೆಳಗಿನಿಂದ ಬರೀ ಆಯಿಲ್ ತೆಗೆಯುತ್ತಿರುತ್ತೀರಿ.

ಅದು ಸರಿ ಇದ್ದರೆ ಮೊದಲು ಮಾಸ್ಟರ್ ಸಿಲಿಂಡರಿನ ಗಾಳಿ ತೆಗೆಯಿರಿ, ಆಮೇಲೆ ದೂರದ ಚಕ್ರದಿಂದ ಹತ್ತಿರದ್ದಕ್ಕೆ ಬನ್ನಿ. ನಮ್ಮ ಮನೆಯಲ್ಲಿ ಪೆಡಲ್ ಕೆಲಸ ಮಗಳದ್ದು. ನಾನು ಚಕ್ರದ ಪಕ್ಕ ಕೂತು "ಒತ್ತು" ಅನ್ನುತ್ತೇನೆ, ಅವಳು "ಒತ್ತಿದೆ ಅಪ್ಪ" ಅಂದ ಮೇಲೆ ನಿಪ್ಪಲ್ ಸಡಿಲಿಸುತ್ತೇನೆ. ಬಿಗಿ ಮಾಡಿ "ಬಿಡು" ಅನ್ನುವ ತನಕ ಅವಳ ಕಾಲು ಪೆಡಲನ್ನು ಒತ್ತಿಕೊಂಡೇ ಇರಬೇಕು. ಈ ಉತ್ತರ ಪ್ರತ್ಯುತ್ತರ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿ ನೋಡಿ, ಖಾಲಿಯಾದರೆ ಮತ್ತೆ ಮೊದಲಿನಿಂದ ಶುರು.

ಮೂಲ ಬ್ರೇಕ್ ತೆಗೆದ್ರೆ ಕಾರಿನ ಬೆಲೆ ಬೀಳಲ್ವಾ?

ಕೊರೆಯದೆ, ಬೆಸುಗೆ ಹಾಕದೆ ಮಾಡಿದ ಬದಲಾವಣೆಗೆ ಯಾರೂ ತಕರಾರು ಮಾಡುವುದಿಲ್ಲ. ಡಿಸ್ಕಿನ ಹಿಂದಿನ ತಗಡನ್ನು ಕತ್ತರಿಸಬೇಕಾದರೆ, ನಿಮ್ಮ ಮೂಲ ತಗಡಿನ ಬದಲು ಇನ್ನೊಂದು ಹಳೇ ತಗಡು ಹುಡುಕಿ ಅದನ್ನು ಕತ್ತರಿಸಿ. ತೆಗೆದ ಭಾಗಗಳಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಿ.

ಹೊಸ ಪ್ಯಾಡ್ ಹಾಕಿ ಸೀದಾ ಬೆಟ್ಟಕ್ಕೆ ಹೋಗ್ಬಹುದಾ?

ಬೇಡ. ಮೊದಲು ಗ್ಯಾರೇಜಿನಲ್ಲೇ, ಎಂಜಿನ್ ಓಡುವಾಗ, ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಯಾರಾದರೂ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಮುಟ್ಟಿ ನೋಡಲಿ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಸಾಧಾರಣವಾಗಿ ಇಳಿಸಿ. ನಂತರ 80ರಿಂದ 20ಕ್ಕೆ ನಾಲ್ಕೈದು ಸಲ. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಲ್ಲೊಂದು ಮಚ್ಚೆ ಉಳಿದು, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ.

ಮನೆಗೆ ಬಂದ ಮೇಲೆ ಕೈಯನ್ನು ಪ್ರತಿ ಚಕ್ರದ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಎಡ ಬಲ ಒಂದೇ ಬಿಸಿ ಇರಬೇಕು. ಒಂದು ಕಡೆ ಜಾಸ್ತಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ, ತಣ್ಣಗಿದ್ದರೆ ಅಲ್ಲಿ ಹಿಡಿಯುತ್ತಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯ ಆಯಿಲ್ ಮಟ್ಟ ಮತ್ತು ಚಕ್ರದ ಕೆಳಗಿನ ನೆಲ ಎರಡನ್ನೂ ನೋಡಿ. ನೂರು ಕಿ.ಮೀ. ಆದ ಮೇಲೆ ಕ್ಯಾಲಿಪರ್ ಬೋಲ್ಟುಗಳಿಗೆ ಇನ್ನೊಂದು ಸಲ ಟಾರ್ಕ್ ಸ್ಪ್ಯಾನರ್ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಹಾಕಿ.